ಕಣ್ಣ ಮುಂದೆ ಹಾರುವ ನೊಣಗಳು



ಮಠಕ್ಕೆ ಬರುವ ಹಿರಿಯರಲ್ಲಿ ಕೆಲವರು ಮಾತಿನ ನಡುವೆ ಕೈಯೆತ್ತಿ ಮುಖದ ಮುಂದಿನ ಗಾಳಿಯನ್ನು ಸರಿಸುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ನೊಣ ಬಂದಿರಬೇಕೆಂದು ಎದುರಿಗೆ ಕುಳಿತವರು ಭಾವಿಸುತ್ತಾರೆ. ಆದರೆ ಅಲ್ಲಿ ನೊಣವಿರುವುದಿಲ್ಲ. ಬೆಳಗಿನ ಆಕಾಶವನ್ನಾಗಲಿ, ಸುಣ್ಣ ಬಳಿದ ಗೋಡೆಯನ್ನಾಗಲಿ, ಪುಸ್ತಕದ ಬಿಳಿಯ ಹಾಳೆಯನ್ನಾಗಲಿ ನೋಡುವಾಗ ಕರಿಯ ಚುಕ್ಕೆಯೋ ಕೂದಲಿನ ಎಳೆಯೋ ಜೇಡರ ಬಲೆಯ ತುಣುಕೋ ತೇಲಿದಂತೆ ತೋರುತ್ತದೆ. ಅದನ್ನೇ ನೋಡಹೋದರೆ ಜಾರಿಹೋಗುತ್ತದೆ. ದೃಷ್ಟಿಯನ್ನು ನಿಲ್ಲಿಸಿದರೆ ಮೆಲ್ಲನೆ ಕೆಳಗಿಳಿಯುತ್ತದೆ. ಐವತ್ತು ದಾಟಿದ ಮೇಲೆ ನಮಗೂ ಇವುಗಳ ಪರಿಚಯವಾಗಿದೆ.

ಈ ನೊಣಗಳಿಗೂ ಒಂದು ಚರಿತ್ರೆಯುಂಟು. ಆದರೆ ಆ ಚರಿತ್ರೆಯನ್ನು ನಾವು ಕುತೂಹಲಕ್ಕಾಗಿ ಓದಿದವರಲ್ಲ. ಒಂದು ತಪ್ಪನ್ನು ಮಾಡಿದ ಮೇಲೆ ಓದಿದವರು. ಆದುದರಿಂದ ಆ ತಪ್ಪನ್ನು ಮೊದಲು ಹೇಳಿಬಿಡುವುದೇ ಯುಕ್ತ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ, ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರು ಒಂದು ಸೋಮವಾರ ದರ್ಶನಕ್ಕೆ ಬಂದರು. ವಯಸ್ಸಿನಲ್ಲಿ ನಮಗಿಂತ ಹಿರಿಯರು. ಎಲ್ಲರೂ ಎದ್ದುಹೋಗುವವರೆಗೆ ಕಾದಿದ್ದು, ಮೆಲುದನಿಯಲ್ಲಿ ಹೇಳಿದರು: “ಅಪ್ಪಾವರೇ, ನಾಲ್ಕು ದಿವಸದಿಂದ ಪೂಜಾಕ್ಕ ಕೂತು ಕಣ್ಣು ಮುಚ್ಚಿದರ ಎಡಗಣ್ಣಿನ ಅಂಚಿನ್ಯಾಗ ಮಿಂಚು ಹೊಡೆದಂಗ ಬೆಳಕು ಕಾಣಸ್ತದ. ಕಣ್ಣು ತೆರದ್ರ ಕರೇ ಹುಳ ಹಾರ್ಯಾಡ್ತಾವ.” ಅವರ ಮುಖದಲ್ಲಿ ಅಂಜಿಕೆಯಿರಲಿಲ್ಲ, ಸಂತೋಷವಿತ್ತು. ನಾಲ್ವತ್ತು ವರ್ಷ ತಪ್ಪದೆ ಪೂಜೆ ಮಾಡಿಕೊಂಡು ಬಂದ ಜೀವ; ಆ ಬೆಳಕನ್ನು ಅವರು ಏನೆಂದು ತಿಳಿದುಕೊಂಡಿದ್ದರೆಂಬುದು ನಮಗೆ ಅರ್ಥವಾಯಿತು. ‘ಸಾಧನೆಯ ದಾರಿಯಲ್ಲಿ ಇಂಥವು ಕಾಣುವುದುಂಟು, ಅದರಲ್ಲಿ ಮನಸ್ಸು ನಿಲ್ಲಿಸಬೇಡಿರಿ’ ಎಂದು ದೊಡ್ಡದಾಗಿ ಉಪದೇಶಿಸಿದೆವು. ಹುಳಗಳ ವಿಷಯಕ್ಕೆ, ‘ಮೋತಿಬಿಂದು ಬರುತ್ತಿರಬಹುದು, ಜಾತ್ರೆಯಲ್ಲಿ ಕಣ್ಣಿನ ಶಿಬಿರವಿದೆಯಲ್ಲ, ಆಗ ತೋರಿಸಿದರಾಯಿತು’ ಎಂದೆವು. ಜಾತ್ರೆಗೆ ಇನ್ನೂ ನಾಲ್ವತ್ತು ದಿನವಿತ್ತು. ಹತ್ತನೆಯ ದಿನ ಅವರ ಎಡಗಣ್ಣಿನಲ್ಲಿ ಮೂಗಿನ ಕಡೆಯ ಕೆಳಮೂಲೆಯಿಂದ ಕರಿಯ ಪರದೆಯೊಂದು ಏರತೊಡಗಿ, ಎರಡು ದಿನದಲ್ಲಿ ನಡುವನ್ನು ಮುಚ್ಚಿತು. ಶಸ್ತ್ರಚಿಕಿತ್ಸೆಯಾಯಿತು, ಹರಿದುದನ್ನು ವೈದ್ಯರು ಸೇರಿಸಿದರು. ಆದರೆ ಆ ಕಣ್ಣಿಗೆ ಅಕ್ಷರ ಓದುವ ಶಕ್ತಿ ಮರಳಿ ಬರಲಿಲ್ಲ. ‘ನಾಲ್ಕು ದಿನ ಆದಾಗಲೇ ಬಂದಿದ್ದರೆ’ ಎಂದು ವೈದ್ಯರು ಹೇಳಿದ ಮಾತನ್ನು ಮಾಸ್ತರರು ನಮ್ಮ ಮುಂದೆ ಎಂದೂ ಎತ್ತಿಲ್ಲ. ಅವರ ಮಗನು ಹೇಳಿದ್ದರಿಂದ ನಮಗೆ ತಿಳಿಯಿತು.

ನಾವು ಹೇಳಿದ ಮಾತು ಮೂರ್ಖತನದ್ದೆಂದು ವಾಚಕರಿಗೆ ತೋರಬಹುದು. ಅದು ಮೂರ್ಖತನವೇ ಸರಿ. ಆದರೆ ನಮ್ಮೊಬ್ಬರದಲ್ಲ, ಬಹಳ ಹಳೆಯದು. ಕಣ್ಣ ಮುಂದೆ ನೊಣ ಕಂಡರೆ ಅದು ಪೊರೆಯ ಆರಂಭ, ಪೊರೆಯಾದರೆ ಬಲಿಯುವವರೆಗೆ ಕಾಯಬೇಕು ಎಂಬ ತಿಳಿವಳಿಕೆ ಎಷ್ಟು ಪುರಾತನವೆಂಬುದನ್ನು ಈಗ ನೋಡೋಣ.

ಸುಶ್ರುತ ಸಂಹಿತೆಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದರ ಉತ್ತರತಂತ್ರವು ನೇತ್ರರೋಗಗಳಿಂದಲೇ ಆರಂಭವಾಗುತ್ತದೆ. ಅಲ್ಲಿ 76 ಕಣ್ಣಿನ ರೋಗಗಳ ಎಣಿಕೆಯಿದೆ. ಕಣ್ಣಿಗೆ ಪಟಲಗಳೆಂಬ ಪದರಗಳಿದ್ದು, ದೋಷವು ಒಂದೊಂದೇ ಪಟಲವನ್ನು ಸೇರಿದಂತೆ ದೃಷ್ಟಿಯು ಹೇಗೆ ಕೆಡುತ್ತದೆಂಬುದನ್ನು ಗ್ರಂಥವು ವಿವರಿಸುತ್ತದೆ. ಎರಡನೆಯ ಪಟಲವನ್ನು ಸೇರಿದಾಗ ರೋಗಿಯು ಇಲ್ಲದ ನೊಣ, ಸೊಳ್ಳೆ, ಕೂದಲು, ಬಲೆ, ಮಂಡಲ, ಪತಾಕೆ ಮುಂತಾದವನ್ನು ಕಾಣುತ್ತಾನೆಂದು ಅಲ್ಲಿ ಹೇಳಿದೆ. ಕಾಶಿಯಲ್ಲಾಗಲಿ ಕಲಬುರ್ಗಿಯಲ್ಲಾಗಲಿ ಇಂದು ಯಾವ ರೋಗಿಯನ್ನು ಕೇಳಿದರೂ ಹೇಳುವ ಉಪಮಾನಗಳು ಇವೇ. ಆ ವೈದ್ಯರು ರೋಗಿಯ ಮಾತನ್ನು ಎಷ್ಟು ತಾಳ್ಮೆಯಿಂದ ಕೇಳಿ ಬರೆದುಕೊಂಡಿರಬೇಕು! ದೋಷವು ಮೂರನೆಯ ಪಟಲಕ್ಕೆ ಹೋದಾಗ ಮೇಲಿನದು ಕಾಣುತ್ತದೆ, ಕೆಳಗಿನದು ಕಾಣದು ಎಂಬ ಮಾತೂ ಅಲ್ಲಿದೆ. ಇದನ್ನೋದಿದಾಗ ನಮಗೆ ಮಾಸ್ತರರ ಕಣ್ಣಿನ ಕೆಳಗಿನಿಂದ ಏರಿದ ಪರದೆ ನೆನಪಾಗದೆ ಇರಲಿಲ್ಲ.

ಆದರೆ ಇಷ್ಟಕ್ಕೇ, ನಮ್ಮ ಪ್ರಾಚೀನರಿಗೆ ಅಕ್ಷಿಪಟಲದ ಹರಿಯುವಿಕೆ ತಿಳಿದಿತ್ತೆಂದು ಸಾಧಿಸಹೊರಡುವುದು ಸರಿಯಲ್ಲ. ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಒಳಗಿನ ಕಾರಣವನ್ನು ಕಾಣುವ ಸಾಧನ ಅವರಲ್ಲಿರಲಿಲ್ಲ. ಆದ್ದರಿಂದ ನೊಣಗಳನ್ನೂ ಪೊರೆಯನ್ನೂ ಒಂದೇ ತಿಮಿರರೋಗದ ಮೆಟ್ಟಿಲುಗಳೆಂದು ಎಣಿಸಿದರು. ಗ್ರೀಕ್ ವೈದ್ಯ ಗೇಲನನೂ ಕ್ರಿ.ಶ. ಎರಡನೆಯ ಶತಮಾನದಲ್ಲಿ, ಕಣ್ಣ ಮುಂದೆ ಸೊಳ್ಳೆಯಂಥವು ಕಾಣುವುದು ಪೊರೆಯ ಮುನ್ಸೂಚನೆಯಾಗಿರಬಹುದೆಂದು ಬರೆದನು. ಮುಂದೆ ಯುರೋಪಿನ ವೈದ್ಯರು ಇವಕ್ಕೆ ಲ್ಯಾಟಿನ್ ಭಾಷೆಯಲ್ಲಿ ಇಟ್ಟ ‘ಮಸ್ಕೇ ವೊಲಿಟಾಂಟೀಸ್’ ಎಂಬ ಹೆಸರಿಗೆ ‘ಹಾರುವ ನೊಣಗಳು’ ಎಂದೇ ಅರ್ಥ. ದೇಶ ಬೇರೆ, ಭಾಷೆ ಬೇರೆ. ನೊಣ ಮಾತ್ರ ಒಂದೇ.

ಈ ನೊಣಗಳ ಮನೆ ಎಲ್ಲಿ? ಕಣ್ಣಿನ ಮಸೂರದ ಹಿಂದೆ, ಗೋಳದ ಬಹುಭಾಗವನ್ನು ತುಂಬಿಕೊಂಡು, ಲೋಳೆಸರದ ತಿರುಳಿನಂತಹ ತಿಳಿಯಾದ ವಸ್ತುವೊಂದಿದೆ. ವೈದ್ಯರು ಅದನ್ನು ವಿಟ್ರಿಯಸ್ ಎನ್ನುತ್ತಾರೆ. ನಾವು ಲೋಳೆ ಎಂದೇ ಕರೆಯೋಣ. ಅದರ ಅಳತೆ ಸುಮಾರು 4 ಮಿಲಿಲೀಟರು. ಅದರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮಿಕ್ಕಿ ನೀರೇ. ಆ ನೀರನ್ನು ಅತಿ ಸೂಕ್ಷ್ಮವಾದ ನಾರುಗಳ ಜಾಲ ಹಿಡಿದಿಟ್ಟಿರುತ್ತದೆ. ಪ್ರಾಯ ಸಂದಂತೆ ಜಾಲ ಸಡಿಲಗೊಂಡು ನೀರು ಬೇರೆಯಾಗುತ್ತದೆ, ನಾರುಗಳು ಗಂಟುಕಟ್ಟುತ್ತವೆ. ಆ ಗಂಟುಗಳ ನೆರಳು ಹಿಂಬದಿಯ ಅಕ್ಷಿಪಟಲದ ಮೇಲೆ ಬೀಳುತ್ತದೆ. ನಾವು ಕಾಣುವುದು ಆ ನೆರಳನ್ನು. ನೊಣವು ಹೊರಗಿಲ್ಲ, ಒಳಗಿದೆ, ಕೈಬೀಸಿದರೆ ಹೋಗುವುದೆಂತು?

ಇದು ನೆರಳು ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಗಟ್ಟಿಮಾಡಿದರು. ಬೊಹೀಮಿಯಾದ ಯಾನ್ ಪುರ್ಕಿನ್ಯೆ 1819ರಲ್ಲಿ ತನ್ನ ಕಣ್ಣನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಕಣ್ಣು ತನ್ನೊಳಗಿನದನ್ನು ತಾನೇ ಕಾಣುವ ಬಗೆಗಳನ್ನು ವರ್ಣಿಸಿದನು. 1845ರಲ್ಲಿ ಜರ್ಮನಿಯ ಲಿಸ್ಟಿಂಗ್ ಎಂಬ ಗಣಿತಜ್ಞನು ಸಣ್ಣ ರಂಧ್ರದ ಮೂಲಕ ನೋಡಿ, ನೆರಳನ್ನು ಬೀಳಿಸುವ ವಸ್ತು ಕಣ್ಣೊಳಗೆ ಎಷ್ಟು ಆಳದಲ್ಲಿದೆಯೆಂದು ಲೆಕ್ಕ ಹಾಕುವ ಕ್ರಮವನ್ನು ತೋರಿಸಿದನು. ವಾಚಕರೂ ಇದನ್ನು ಮಾಡಿ ನೋಡಬಹುದು: ದಪ್ಪ ಕಾಗದಕ್ಕೆ ಸೂಜಿಯಿಂದ ರಂಧ್ರ ಮಾಡಿ, ಸೂರ್ಯನಿಲ್ಲದ ಕಡೆಯ ಆಕಾಶವನ್ನು ಅದರೊಳಗಿಂದ ನೋಡಿದರೆ ನಿಮ್ಮ ನಿಮ್ಮ ನೊಣಗಳು ಸ್ಪಷ್ಟವಾಗಿ ಕಾಣುತ್ತವೆ. ಪೊರೆಗೂ ಇವಕ್ಕೂ ಸಂಬಂಧವಿಲ್ಲ. ಪೊರೆಯು ಮುಂದಿನ ಮಸೂರದ ಮಸುಕು. ಇದು ಹಿಂದಿನ ಲೋಳೆಯ ಗಂಟು. ಎರಡು ಸಾವಿರ ವರ್ಷದ ಒಂದು ಗಂಟು ಇಲ್ಲಿಗೆ ಬಿಚ್ಚಿತು.

ಬಿಚ್ಚಿತೇನೋ ನಿಜ. ಆದರೆ ಅದರಿಂದ ಹುಟ್ಟಿದ ನೆಮ್ಮದಿ ಇನ್ನೊಂದು ಮರೆವಿಗೆ ದಾರಿಯಾಯಿತು. ಬರಿಯ ನೆರಳೆಂದ ಮೇಲೆ ಭಯವೇಕೆ? ಹೌದು, ಬಹುಪಾಲು ಜನರ ಮಟ್ಟಿಗೆ ಭಯವಿಲ್ಲ. ಆದರೆ ಲೋಳೆಯು ಕುಗ್ಗುತ್ತ ಒಂದು ದಿನ ಹಿಂಬದಿಯ ಅಕ್ಷಿಪಟಲದಿಂದ ಕಳಚಿಕೊಳ್ಳುತ್ತದೆ. ಐವತ್ತರ ಮೇಲೆ ಇದು ಸಾಮಾನ್ಯ. ಸಮೀಪದೃಷ್ಟಿಯುಳ್ಳವರಿಗೂ ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೂ ಬೇಗನೆ ಬರಬಹುದು. ಹಸಿಗೋಡೆಗೆ ಅಂಟಿಸಿದ ಕಾಗದವನ್ನು ಕೀಳುವಾಗ ಸುಮ್ಮನೆ ಬಿಟ್ಟುಬಂದರೆ ಒಳ್ಳೆಯದು. ಎಲ್ಲಾದರೂ ಬಿಗಿಯಾಗಿ ಹಿಡಿದಿದ್ದರೆ ಗಾರೆಯ ತುಣುಕನ್ನೂ ಕಿತ್ತುಕೊಂಡು ಬರುತ್ತದೆ. ಹಾಗೆಯೇ ಲೋಳೆಯು ಅಕ್ಷಿಪಟಲವನ್ನು ಎಳೆದು ಹರಿದರೆ, ಆ ಹರುಕಿನೊಳಗೆ ನೀರು ನುಗ್ಗಿ ಪಟಲವನ್ನು ಗೋಡೆಯಿಂದ ಎಬ್ಬಿಸುತ್ತದೆ. ಎದ್ದ ಪಟಲಕ್ಕೆ ಹಿಂದಿನಿಂದ ಬರಬೇಕಾದ ಪೋಷಣೆ ತಪ್ಪುತ್ತದೆ. ಮಾಸ್ತರರು ಕಂಡ ಪರದೆ ಅದು. ಇದರಲ್ಲಿ ಅತ್ಯಂತ ಮೋಸದ ಸಂಗತಿಯೆಂದರೆ, ನೋವು ಎಳ್ಳಷ್ಟೂ ಇರುವುದಿಲ್ಲ. ಕಣ್ಣಲ್ಲಿ ಧೂಳು ಬಿದ್ದರೆ ಓಡಿಹೋಗುವ ನಾವು, ಅಕ್ಷಿಪಟಲ ಹರಿದಾಗ ಜಾತ್ರೆಯ ದಾರಿ ಕಾಯುತ್ತೇವೆ.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಜೀವಂತ ಕಣ್ಣಿನ ಹಿಂಗೋಡೆಯನ್ನು ಪಾಪೆಯೊಳಗಿಂದ ನೋಡುವ ಉಪಕರಣವನ್ನು ಪ್ರಕಟಪಡಿಸಿದನು. ಎರಡೇ ವರ್ಷದಲ್ಲಿ, 1853ರಲ್ಲಿ, ಕೊಕ್ಸಿಯಸ್ ಎಂಬ ವೈದ್ಯನು ಅಕ್ಷಿಪಟಲದ ಹರುಕನ್ನು ಕಂಡು ವರ್ಣಿಸಿದನು. ಕಂಡದ್ದು ಕಂಡರೂ ಅದರ ಅರ್ಥ ತಿಳಿಯಲಿಲ್ಲ. ಪಟಲ ಎದ್ದುದರಿಂದ ಹರಿಯಿತೋ, ಹರಿದುದರಿಂದ ಎದ್ದಿತೋ? ದೊಡ್ಡ ದೊಡ್ಡ ಹೆಸರಿನವರು ಮೊದಲನೆಯದೇ ಸರಿಯೆಂದರು. ಚಿಕಿತ್ಸೆಯೂ ಅದಕ್ಕೆ ತಕ್ಕಂತೆ: ಎರಡು ಕಣ್ಣಿಗೂ ಪಟ್ಟಿ ಕಟ್ಟಿ, ರೋಗಿಯನ್ನು ಅಂಗಾತ ಮಲಗಿಸಿ, ವಾರಗಟ್ಟಲೆ ಅಲುಗಾಡದಂತೆ ಇರಿಸುವುದು. ಅಂದರೆ, ಕಾಯುವುದು. 1912ರಲ್ಲಿ ಅಮೆರಿಕದ ವೈದ್ಯ ಡೆರಿಕ್ ವೇಲ್ ತನ್ನ ದೇಶದ ನೇತ್ರತಜ್ಞರನ್ನೆಲ್ಲ ವಿಚಾರಿಸಿದಾಗ, ಗುಣವಾದವರು ಸಾವಿರಕ್ಕೆ ಒಬ್ಬರೆಂಬ ಲೆಕ್ಕ ಸಿಕ್ಕಿತು.

ಇಂಥ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಜೂಲ್ ಗೊನಾನ್ ಎಂಬ ವೈದ್ಯನಿದ್ದನು. ಹುಟ್ಟಿದ್ದು 1870ರಲ್ಲಿ, ಅದೇ ಊರಿನಲ್ಲಿ. ಮಾರ್ಕ್ ಡ್ಯುಫೂರ್ ಎಂಬ ಗುರುವಿನ ಕೈಕೆಳಗೆ, ಅಂಧರ ಆಶ್ರಯಧಾಮಕ್ಕೆ ಸೇರಿದ ಆಸ್ಪತ್ರೆಯಲ್ಲಿ ಕೆಲಸ. ಕುರುಡಾದವರ ನಡುವೆಯೇ ದಿನ ಕಳೆಯುತ್ತಿದ್ದುದರಿಂದಲೋ ಏನೋ, ಇದಕ್ಕೆ ಮದ್ದಿಲ್ಲವೆಂಬ ಮಾತನ್ನು ಆತ ಒಪ್ಪಲಿಲ್ಲ. ಗತಿಸಿದವರ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಲೋಳೆಯ ಎಳೆತವೇ ಹರುಕಿಗೆ ಕಾರಣ, ಹರುಕೇ ರೋಗಕ್ಕೆ ಮೂಲ ಎಂಬ ನಿರ್ಣಯಕ್ಕೆ ಬಂದನು. ಹಾಗಿದ್ದ ಮೇಲೆ ಹರುಕನ್ನು ಹುಡುಕಿ ಮುಚ್ಚಬೇಕು. ಹೇಳಲು ಎಷ್ಟು ಸುಲಭ! ಹರುಕು ಸಾಸಿವೆಯಷ್ಟಿರಬಹುದು, ಒಳಗಿನಿಂದ ಕಂಡ ಅದರ ಜಾಗವನ್ನು ಹೊರಗಿನ ಬಿಳಿಗೋಳದ ಮೇಲೆ ಗುರುತಿಸಬೇಕು. ಗೊನಾನ್ ಕತ್ತಲ ಕೋಣೆಯಲ್ಲಿ ಬಹಳ ಹೊತ್ತು ರೋಗಿಯ ಮುಂದೆ ಕುಳಿತು, ಕಣ್ಣಿನ ಒಳಗೋಡೆಯ ನಕ್ಷೆ ಬರೆಯುತ್ತಿದ್ದನು. ಹರುಕು ಗಡಿಯಾರದ ಯಾವ ಗಂಟೆಯ ಕಡೆಗಿದೆ, ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ, ಅದೇ ಜಾಗಕ್ಕೆ ಹೊರಗಿನಿಂದ ಸಣ್ಣ ಗಾಯ ಮಾಡಿ, ಕೆಂಪಗೆ ಕಾಯಿಸಿದ ಮೊನೆಯನ್ನು ಒಳಗಿಡುತ್ತಿದ್ದನು. ಸುಟ್ಟ ಗಾಯ ಮಾಯುವಾಗ ಪಟಲವು ಗೋಡೆಗೆ ಅಂಟಿಕೊಳ್ಳುತ್ತಿತ್ತು. ನಮ್ಮ ಹಳ್ಳಿಯ ಬರೆಯ ಚಿಕಿತ್ಸೆಯನ್ನು ಕಂಡವರಿಗೆ ಇದು ವಿಚಿತ್ರವಾಗಿ ತೋರಲಾರದು. ವ್ಯತ್ಯಾಸವಿರುವುದು ಎಲ್ಲಿ ಬರೆ ಹಾಕಬೇಕೆಂಬ ಲೆಕ್ಕದಲ್ಲಿ.

1919ರ ಸುಮಾರಿಗೆ ಅವನ ಮೊದಲ ಯಶಸ್ಸುಗಳು ಬಂದವು. ನಂಬಿದವರು ಕಡಿಮೆ. ಹತ್ತು ವರ್ಷ ಆತ ಬಹುಮಟ್ಟಿಗೆ ಒಂಟಿ. ಆದರೆ ಕೆಲವು ತರುಣ ವೈದ್ಯರು ಲೊಸಾನಿಗೆ ಬಂದು, ಕಣ್ಣಾರೆ ಕಂಡು, ತಮ್ಮ ಊರುಗಳಿಗೆ ಹೋಗಿ ತಾವೂ ಮಾಡಿ ನೋಡಿದರು. 1929ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ನಡೆದ ಅಂತರರಾಷ್ಟ್ರೀಯ ನೇತ್ರವೈದ್ಯರ ಸಮ್ಮೇಳನದಲ್ಲಿ ಬಾರ್ಸಿಲೋನಾದ ಆರುಗಾ, ಉಟ್ರೆಕ್ಟಿನ ವೇವೆ ಮೊದಲಾದವರು ತಮ್ಮ ಅನುಭವವನ್ನು ಮುಂದಿಟ್ಟಾಗ, ಎದುರಾಳಿಗಳ ವಾದ ಕುಸಿಯಿತು. ಗೊನಾನ್ 1935ರಲ್ಲಿ ತೀರಿಕೊಂಡನು. ಅವನು ದುಡಿದ ಆಸ್ಪತ್ರೆ ಇಂದು ಅವನ ಹೆಸರನ್ನೇ ಹೊತ್ತಿದೆ. ಅವನ ಅನುಭವದಲ್ಲಿ ನಮಗೆ ಅತಿ ಮುಖ್ಯವೆನಿಸಿದ್ದು ಒಂದು: ಹೊಸದಾಗಿ ಎದ್ದ ಪಟಲಗಳು ಬಹಳಷ್ಟು ಕೂಡಿದವು, ಹಳೆಯವು ಕೂಡಲಿಲ್ಲ. ಕೈಚಳಕಕ್ಕಿಂತ ದಿನಗಳ ಎಣಿಕೆ ದೊಡ್ಡದಾಗಿತ್ತು.

ಆತ ತೀರಿಕೊಂಡ ಅದೇ 1935ರಲ್ಲಿ ಲಂಡನ್ನಿನ ಫಾಸ್ಟರ್ ಮೂರ್ ಎಂಬ ವೈದ್ಯನು, ನಡುವಯಸ್ಸಿನವರು ಕತ್ತಲಲ್ಲಿ ಕಣ್ಣಿನ ಹೊರ ಅಂಚಿನಲ್ಲಿ ಕಾಣುವ ಮಿಂಚನ್ನೂ ಅದರೊಡನೆ ಬರುವ ಚುಕ್ಕೆಗಳನ್ನೂ ವರ್ಣಿಸಿ, ಇವು ಗಂಭೀರವಲ್ಲವೆಂದು ಸಮಾಧಾನ ಹೇಳಿದನು. ಲೋಳೆಯು ಅಕ್ಷಿಪಟಲವನ್ನು ಜಗ್ಗಿದಾಗ ಪಟಲಕ್ಕೆ ನೋವೆಂದು ಹೇಳುವ ಭಾಷೆಯಿಲ್ಲ. ಅದಕ್ಕೆ ತಿಳಿದಿರುವುದು ಬೆಳಕಿನ ಭಾಷೆಯೊಂದೇ. ಆದ್ದರಿಂದ ಜಗ್ಗಿದಾಗಲೆಲ್ಲ ಮಿಂಚು ಹೊಳೆಯುತ್ತದೆ. ಕತ್ತಲಲ್ಲಿ, ಕಣ್ಣು ಮುಚ್ಚಿದಾಗ, ಕಣ್ಣುಗುಡ್ಡೆ ಹೊರಳಿದಾಗ ಹೆಚ್ಚು ಕಾಣುತ್ತದೆ. ಮೂರ್ ಹೇಳಿದ ಸಮಾಧಾನ ಅನೇಕರ ಮಟ್ಟಿಗೆ ನಿಜವೇ. ಆದರೆ ಎಲ್ಲರ ಮಟ್ಟಿಗೆ ನಿಜವಲ್ಲವೆಂಬುದು ಮುಂದೆ ತಿಳಿದುಬಂದಿತು. ಹೊಸ ಮಿಂಚು, ಹೊಸ ನೊಣಗಳೊಡನೆ ಲೋಳೆ ಕಳಚಿಕೊಂಡು ವೈದ್ಯರಲ್ಲಿಗೆ ಬಂದವರನ್ನು ಎಣಿಸಿ ನೋಡಿದಾಗ, ಸುಮಾರು ಏಳು ಜನರಲ್ಲಿ ಒಬ್ಬರಿಗೆ ಅಕ್ಷಿಪಟಲದಲ್ಲಿ ಹರುಕಿರುತ್ತದೆಂದು ಈಗಿನ ಅಧ್ಯಯನಗಳು ಹೇಳುತ್ತವೆ. ಆ ಒಬ್ಬರು ಯಾರೆಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಲಂಡನ್ನಿನ ತಜ್ಞನೇ ಸಮಾಧಾನ ಹೇಳಿದ್ದನಲ್ಲ ಎಂದು ನಮ್ಮ ಉಪದೇಶದ ತಪ್ಪನ್ನು ನಾವು ಹಗುರಮಾಡಿಕೊಳ್ಳಬಹುದಿತ್ತು. ಆದರೆ ಪೂಜೆಯಲ್ಲಿ ಕಂಡ ಬೆಳಕೆಲ್ಲ ಒಳಗಿನ ಜ್ಯೋತಿಯೆಂದು ಒಪ್ಪಿಕೊಳ್ಳುವ ಅವಸರ ಆ ವೈದ್ಯನದಲ್ಲ, ನಮ್ಮದು.

ಗೊನಾನನ ನಂತರದ ಕಥೆ ವೇಗವಾಗಿ ಸಾಗುತ್ತದೆ. ಬೆಲ್ಜಿಯಮ್ಮಿನ ಚಾರ್ಲ್ಸ್ ಸ್ಕೆಪೆನ್ಸ್ ಎರಡನೆಯ ಮಹಾಯುದ್ಧದಲ್ಲಿ ನಾತ್ಸಿಗಳ ಕಣ್ಣು ತಪ್ಪಿಸಿ ಬದುಕಿದವನು. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ. ಯುದ್ಧದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ, ವೈದ್ಯನು ತಲೆಗೆ ಕಟ್ಟಿಕೊಂಡು ಎರಡು ಕಣ್ಣಿನಿಂದಲೂ ರೋಗಿಯ ಅಕ್ಷಿಪಟಲದ ಅಂಚಿನವರೆಗೆ ನೋಡಬಹುದಾದ ದೀಪವನ್ನು ರೂಪಿಸಿದನು. ಹರುಕುಗಳು ಇರುವುದು ಹೆಚ್ಚಾಗಿ ಅಂಚಿನಲ್ಲೇ. ಇಂದು ನೇತ್ರವೈದ್ಯರು ತಲೆಗೆ ಕಟ್ಟಿಕೊಳ್ಳುವ ದೀಪ ಆ ವಂಶದ್ದು. 1945ರ ಜುಲೈ ತಿಂಗಳ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲ ಸುಟ್ಟುಕೊಂಡ ವಿದ್ಯಾರ್ಥಿಯೊಬ್ಬನನ್ನು ಪರೀಕ್ಷಿಸಿದ ಜರ್ಮನಿಯ ಮೇಯರ್ ಶ್ವಿಕೆರಾತನಿಗೆ, ಬೆಳಕು ಸುಡಬಲ್ಲದಾದರೆ ಹರುಕಿನ ಸುತ್ತ ಬೇಕಾದಷ್ಟೇ ಸುಟ್ಟು ಬೆಸೆಯಬಾರದೇಕೆ ಎಂಬ ವಿಚಾರ ಹೊಳೆಯಿತು. 1949ರಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಹಿಡಿದು ರೋಗಿಯ ಕಣ್ಣಿಗೆ ಹಾಯಿಸಿ ಸಾಧಿಸಿ ತೋರಿಸಿದನು. ಇಂದಿನ ಲೇಸರ್ ಚಿಕಿತ್ಸೆಯ ಮೂಲ ಅಲ್ಲಿದೆ. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಕಣ್ಣೊಳಗಿನ ಲೋಳೆಯನ್ನೇ ಸಣ್ಣ ರಂಧ್ರದಿಂದ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದನು. ಹರುಕು ಮಾತ್ರ ಇದ್ದು ಪಟಲ ಏಳದಿರುವಾಗ ಬಂದರೆ, ಇಂದು ಕೆಲವೇ ನಿಮಿಷಗಳ ಲೇಸರ್ ಅಥವಾ ಶೀತ ಚಿಕಿತ್ಸೆಯಿಂದ ಅದನ್ನು ಬೆಸೆದು ಮನೆಗೆ ಕಳುಹಿಸುತ್ತಾರೆ.

ಚಿಕಿತ್ಸೆ ಇಷ್ಟು ಮುಂದುವರಿದಿದ್ದರೂ ನಮ್ಮ ಕಡೆಯವರು ತಡವಾಗಿ ಹೋಗುವುದೇಕೆ? ಇದಕ್ಕೆ ನಮ್ಮ ನಾಡಿನ ಒಂದು ಒಳ್ಳೆಯ ಚರಿತ್ರೆಯೇ ಪರೋಕ್ಷ ಕಾರಣವೆಂದರೆ ವಾಚಕರು ಆಶ್ಚರ್ಯಪಡಬಹುದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ತಿರುಗಿ ನೇತ್ರಶಿಬಿರಗಳನ್ನು ನಡೆಸಿ, ಲೆಕ್ಕವಿಲ್ಲದಷ್ಟು ಬಡವರ ಪೊರೆಯನ್ನು ಹಣ ಪಡೆಯದೆ ತೆಗೆದ ಪುಣ್ಯಾತ್ಮರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. 2005ರಲ್ಲಿ ಅವರು ಲಿಂಗೈಕ್ಯರಾದರು. 1976ರಿಂದ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಸೇರಿಕೊಂಡಿತು. ಶಾಲೆಯ ಕೋಣೆಗಳಲ್ಲಿ, ಮಠದ ಪಡಸಾಲೆಗಳಲ್ಲಿ, ಸಾಲಾಗಿ ಹಸಿರುಪಟ್ಟಿ ಕಟ್ಟಿಕೊಂಡು ಮಲಗಿದ್ದ ಅಜ್ಜ ಅಜ್ಜಿಯರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಆ ಶಿಬಿರಗಳು ನಾಡಿಗೆ ಕಣ್ಣು ಕೊಟ್ಟವು. ಅದರೊಡನೆ ಒಂದು ರೂಢಿಯನ್ನೂ ಬಿಟ್ಟುಹೋದವು: ಕಣ್ಣಿನ ತೊಂದರೆಯೆಂದರೆ ಪೊರೆ; ಪೊರೆಯೆಂದರೆ ಬಲಿಯಲಿ; ಬಲಿತ ಮೇಲೆ ಶಿಬಿರ ಬರುತ್ತದೆ. ಅಂದಿನ ಶಸ್ತ್ರಕ್ರಮಕ್ಕೆ ಬಲಿತ ಪೊರೆ ಬೇಕಾಗಿತ್ತು, ಆದ್ದರಿಂದ ಕಾಯುವುದು ಅಂದು ಸರಿಯಾಗಿತ್ತು. ಪೊರೆಗೂ ಈಗ ಹಾಗೆ ಕಾಯಬೇಕಿಲ್ಲ. ಅಕ್ಷಿಪಟಲಕ್ಕಂತೂ ಎಂದೂ ಹಾಗಿರಲಿಲ್ಲ.

ಆದುದರಿಂದ ವಾಚಕರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನೊಣ ಕಾಣುತ್ತದೆಯೇ ಎಂಬುದಲ್ಲ. ಎಂದಿನಿಂದ ಕಾಣುತ್ತದೆ ಎಂಬುದು. ಹಲವು ವರ್ಷಗಳಿಂದ ಒಂದೆರಡು ಎಳೆಗಳು ತೇಲುತ್ತಿದ್ದು, ಹೆಚ್ಚದೆ ಕುಗ್ಗದೆ ಇದ್ದರೆ, ಅವನ್ನು ಹಳೆಯ ನೆರೆಯವರಂತೆ ಬಿಟ್ಟುಬಿಡಿರಿ. ಕನ್ನಡಕದ ಪರೀಕ್ಷೆಗೆ ಹೋದಾಗ ಒಮ್ಮೆ ಹೇಳಿದರೆ ಸಾಕು. ಆದರೆ ನಿನ್ನೆ ಇಲ್ಲದ್ದು ಇಂದು ಕಂಡರೆ, ಒಮ್ಮೆಲೇ ಮಸಿ ಸಿಡಿಸಿದಂತೆ ಚುಕ್ಕೆಗಳ ಸುರಿಮಳೆಯಾದರೆ, ಅಂಚಿನಲ್ಲಿ ಮಿಂಚು ಹೊಳೆದರೆ, ಯಾವ ಮೂಲೆಯಿಂದಾದರೂ ನೆರಳೋ ಪರದೆಯೋ ಏರಿದರೆ, ದೃಷ್ಟಿ ತಟ್ಟನೆ ಮಂದವಾದರೆ, ಅಂದೇ ಹೊರಡಿರಿ. ತೀರ ಆಗದಿದ್ದರೆ ಮರುದಿನ ಬೆಳಗ್ಗೆ. ಹೆಚ್ಚು ಸಮೀಪದೃಷ್ಟಿಯವರು, ಪೊರೆ ತೆಗೆಸಿಕೊಂಡವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆತನದಲ್ಲಿ ಯಾರಿಗಾದರೂ ಅಕ್ಷಿಪಟಲ ಕಳಚಿದ್ದವರು ಮತ್ತಷ್ಟು ಎಚ್ಚರವಾಗಿರಬೇಕು. ಸಕ್ಕರೆ ಕಾಯಿಲೆಯವರಲ್ಲಿ ಚುಕ್ಕೆಗಳ ಸುರಿಮಳೆಯೆಂದರೆ ಕಣ್ಣೊಳಗೆ ರಕ್ತ ಸೋರಿರಬಹುದು. ಆಗಾಗ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿರಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದರ ದೋಷವನ್ನು ಮುಚ್ಚಿಹಾಕುತ್ತದೆ.

ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿರಿ. ಪಾಪೆ ಹಿಗ್ಗಲು ಹನಿ ಹಾಕುವುದರಿಂದ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ, ವಾಹನ ನಡೆಸಬಾರದು. ಕನ್ನಡಕದಂಗಡಿಯ ಪರೀಕ್ಷೆ ಇದಕ್ಕೆ ಸಾಲದು. ಹನಿ ಹಾಕಿ, ಅಕ್ಷಿಪಟಲವನ್ನು ಅಂಚಿನವರೆಗೆ ನೋಡಬಲ್ಲ ನೇತ್ರವೈದ್ಯರೇ ಬೇಕು. ಹರುಕಿಲ್ಲವೆಂದು ಹೇಳಿದರೂ ಕೆಲವು ವಾರಗಳ ನಂತರ ಮತ್ತೆ ಬರಹೇಳಿದರೆ ತಪ್ಪದೆ ಹೋಗಬೇಕು. ಹರುಕು ತಡವಾಗಿಯೂ ಆಗುವುದುಂಟು. ಇನ್ನು ಜೇನು, ಎದೆಹಾಲು, ಸೊಪ್ಪಿನ ರಸ ಇವುಗಳನ್ನು ಕಣ್ಣಿಗೆ ಬಿಡುವುದರಿಂದ ಒಳಗಿನ ಲೋಳೆಗೆ ಏನೂ ತಲಪುವುದಿಲ್ಲ. ಹೊರಗಿನ ಕಣ್ಣು ಕೆಡಬಹುದು, ದಿನಗಳು ಕಳೆಯುತ್ತವೆ.

ಜಾತ್ರೆಯ ನೇತ್ರಶಿಬಿರ ಈಗಲೂ ನಮ್ಮಲ್ಲಿ ನಡೆಯುತ್ತದೆ. ಶಸ್ತ್ರಚಿಕಿತ್ಸೆಗೆ ಈಗ ರೋಗಿಗಳನ್ನು ಆಸ್ಪತ್ರೆಗೇ ಕರೆದೊಯ್ಯುತ್ತಾರೆ; ಇಲ್ಲಿ ಪರೀಕ್ಷೆ ಮಾತ್ರ. ಹೆಸರು ಬರೆಸುವ ಮೇಜಿನ ಪಕ್ಕದಲ್ಲಿ ಮಾಸ್ತರರು ಕುರ್ಚಿ ಹಾಕಿಕೊಂಡು, ಬಲಗಣ್ಣು ಜನರತ್ತ ಬರುವಂತೆ ತಲೆಯನ್ನು ತುಸು ಎಡಕ್ಕೆ ಹೊರಳಿಸಿ ಕುಳಿತಿರುತ್ತಾರೆ. ಸಾಲಿನಲ್ಲಿ ಬಂದ ಪ್ರತಿಯೊಬ್ಬರನ್ನೂ ಅವರು ಕೇಳುವುದು ಒಂದೇ: “ಹುಳ ಹಾರ್ತಾವೇನು? ಯಾವಾಗಿಂದ?” ಮೂರು ವರ್ಷದ ಹಿಂದೆ ಹಿಟ್ಟಿನ ಗಿರಣಿಯ ಹೆಣ್ಣುಮಗಳೊಬ್ಬಳು ‘ಮೊನ್ನೆಯಿಂದ’ ಎಂದಳಂತೆ. ಮಾಸ್ತರರು ಅವಳನ್ನು ಸಾಲಿನಲ್ಲಿ ನಿಲ್ಲಲು ಬಿಡದೆ, ಮಠದ ಜೀಪಿನಲ್ಲಿ ಕೂಡಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ಸಂಜೆ ತೇರು ಎಳೆಯುವ ಹೊತ್ತಿಗೆ ಲೇಸರ್ ಹಾಕಿಸಿಕೊಂಡು ಅವಳು ಮರಳಿ ಬಂದಿದ್ದಳು.